ಕಾಂಪೌಂಡಿನಾಚೆಯ ಕೊಂಬೆಗೆ ಕಾವಲು

ನಂಜನಗೂಡಿನ ಹಳೆಯ ಬೀದಿಯೊಂದರಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮನೆಯೊಂದರ ಕಾಂಪೌಂಡಿನಿಂದ ರಸ್ತೆಯ ಮೇಲಕ್ಕೆ ಬಾಗಿರುವ ದಾಸವಾಳದ ಕೊಂಬೆಯ ಕೆಳಗೆ ಟಿವಿಎಸ್ ಗಾಡಿ ನಿಲ್ಲಿಸಿ, ತಲೆಗೆ ಮಫ್ಲರ್ ಸುತ್ತಿಕೊಂಡು ನಂಜೇಶ್ ಕೂತಿದ್ದಾರೆ. ಬೆನ್ನಿಗೆ ಔಷಧಿ ಪಂಪಿಲ್ಲ, ಕೈಯಲ್ಲಿ ಕತ್ತರಿಯಿಲ್ಲ. ಮನೆಮನೆಯ ಗಿಡಗಳಿಗೆ ಔಷಧಿ ಹೊಡೆದು ಬದುಕುವ ಇವರು ಈಗ ಮಾಡುತ್ತಿರುವುದು ಯಾರೂ ಹೇಳದ, ಯಾರೂ ಕೂಲಿ ಕೊಡದ ಕೆಲಸ. ಗಿಡ ಕಾಯುವುದು.

ಪೂಜೆಯ ಹೂವಿಗೆಂದು ಬುಟ್ಟಿ ಹಿಡಿದ ಅರ್ಚಕ ಮಹಾದೇವಸ್ವಾಮಿ ಬರುತ್ತಾರೆ. ಕೈ ಕೊಂಬೆಯತ್ತ ಹೋಗುವ ಮೊದಲೇ ನಂಜೇಶ್ ಎದ್ದು ಅಡ್ಡ ನಿಲ್ಲುತ್ತಾರೆ.

"ಬ್ಯಾಡಿ ಸ್ವಾಮೇರೆ. ನೆನ್ನೆ ಸಂಜೆ ಔಸ್ದಿ ಒಡೆದಿವ್ನಿ."

"ಏನ್ಲಾ ನಂಜೇಶ, ಇಡೀ ಬೀದಿ ಹೂವಿಗೆ ನೀನೇ ವಾಚ್‌ಮನ್ನಾ?"

"ಊ ಕಣ್ರೀ. ಸಂಬಳ ಮಾತ್ರ ನಿಮ್ಮ ನಂಜುಂಡಪ್ಪನೇ ಕೊಡ್ಬೇಕು."

"ಅವನು ವಿಷ ಕುಡಿದೇ ಅರಗಿಸ್ಕೊಂಡೋನು ಕಣೋ. ನಿನ್ನ ಔಷಧಿ ಅವನಿಗೇನು ಮಾಡುತ್ತೆ? ಬಿಡು, ಎರಡು ಕಿತ್ಕೋತೀನಿ."

"ದ್ಯಾವ್ರಿಗೇನೂ ಆಗಕಿಲ್ಲ. ಊ ಕೀಳೋ ನಿಮ್ಮ ಕೈಗೆ ಆಯ್ತದೆ. ಅದೇ ಕೈಯಾಗೆ ತೀರ್ಥ ಕೊಡ್ತೀರಲ್ಲ, ಮುಂದ್ಕೋಗಿ."

ಸ್ವಾಮಿಗಳು ಗೊಣಗುತ್ತಾ ಮುಂದೆ ಹೋಗುತ್ತಾರೆ. ನಂಜೇಶ್ ಮತ್ತೆ ಗಾಡಿಯ ಮೇಲೆ ಕೂರುತ್ತಾರೆ.

ಈ ಕಡೆಯ ಬೀದಿಗಳಿಗೆ ಅವುಗಳದೇ ಕಾನೂನುಂಟು. ಕಾಂಪೌಂಡಿನ ಒಳಗಿನದು ಮನೆಯವರದು, ಆಚೆ ಬಾಗಿದ್ದು ಊರಿನದು. ಹೂವಾದರೂ ಸರಿ, ಕರಿಬೇವಾದರೂ ಸರಿ, ಯಾರೂ ಕೇಳಿ ಕೀಳುವುದಿಲ್ಲ, ಯಾರೂ ಬೇಡ ಎನ್ನುವುದಿಲ್ಲ. ಮಾತೆತ್ತದಿದ್ದರೆ ಅದು ರೂಢಿ, ಬಾಯಿಬಿಟ್ಟು ಹೇಳಿದರೆ ಮಾತ್ರ ಕಳ್ಳತನ. ಸಂಜೆ ದೀಪ ಹಚ್ಚಿದ ಮೇಲೆ ಗಿಡ ಮುಟ್ಟುವಂತಿಲ್ಲ, ಹೂವು ಬೇಕಾಗುವುದು ಬೆಳಗಿನ ಪೂಜೆಗೆ, ಹಾಗಾಗಿ ಎಲ್ಲರೂ ಬರುವುದು ನಸುಕಿನಲ್ಲೇ. ನಂಜೇಶ್ ಔಷಧಿ ಹೊಡೆಯುವುದೋ, ಗಾಳಿ ನಿಂತು ಜೇನುಹುಳಗಳು ಗೂಡು ಸೇರಿದ ಮೇಲೆ, ಸಂಜೆ. ಜೇನಿಗೆ ಇದು ಒಳ್ಳೆಯ ಹೊತ್ತು. ಆದರೆ ಔಷಧಿ ಬಿದ್ದ ಎಲೆಯನ್ನು ಮೊದಲು ಮುಟ್ಟುವುದು ಬೆಳಗಿನ ಹೂವಿನವರ ಕೈ.

ನಂಜೇಶ್ ತಿ. ನರಸೀಪುರದ ಆಚೆಯ ಹಳ್ಳಿಯವರು. ತಂದೆ ದೊಡ್ಡಮಾದಯ್ಯ ಬನ್ನೂರಿನ ಸುತ್ತ ಭತ್ತಕ್ಕೆ, ಕಬ್ಬಿಗೆ ಔಷಧಿ ಹೊಡೆಯುವ ಕೂಲಿಗೆ ಹೋಗುತ್ತಿದ್ದರು, ಮಗನೂ ಜೊತೆಗೆ ಹೋಗುತ್ತಿದ್ದ. "ಆಗ ಡ್ರಮ್ಮಾಗೆ ಕೈ ಆಕೇ ಕಲಸ್ತಿದ್ದೋ ಸಾ. ಅದೇ ಕೈ ಪಂಚೆಗೆ ಒರೆಸ್ಕೊಂಡು ಬೀಡಿ ಅಚ್ಚೋದು. ಸಂಜೆ ತಲೆ ಗಿಮ್ ಅಂತಿತ್ತು. ಬಿಸ್ಲಿಗೆ ಅಂತ ಅಂದ್ಕೊಂಡು ಮಲಿಕ್ಕೊಳ್ತಿದ್ದೋ," ಎಂದು ನೆನೆಯುತ್ತಾರೆ ನಂಜೇಶ್. ಹೊಸ ಬಡಾವಣೆಗಳು ಎದ್ದು, ಮನೆಮುಂದೆ ಕುಂಡ, ಹಿತ್ತಲಲ್ಲಿ ತರಕಾರಿ ಎಂದು ಜನ ಶುರುಮಾಡಿದ ಮೇಲೆ ನಂಜೇಶ್ ಗದ್ದೆ ಬಿಟ್ಟು ಮನೆಗಳಿಗೆ ಬಂದರು. ಈಗ ದಿನಕ್ಕೆ ಐದಾರು ಮನೆ, ಕೆಲವು ದಿನ ನಂಜನಗೂಡು, ಕೆಲವು ದಿನ ನರಸೀಪುರ.

ಅವರ ಕೆಲಸದ ರೀತಿ ನೋಡಲು ಒಂದು ಸಂಜೆ ಜೊತೆಗೆ ಹೋದರೆ ಸಾಕು. ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊದಲು ನೋಡುವುದು ಇರುವೆಯನ್ನು. ಇರುವೆ ಸಾಲು ಹತ್ತಿದ ಕಡೆ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಹಿಟ್ಟು ತಿಗಣೆ ಇರುತ್ತದೆ, ಅದು ಒಸರುವ ಸಿಹಿಗಾಗಿ ಇರುವೆಯೇ ಅದನ್ನು ಸಾಕುತ್ತದೆ. ಇರುವೆಯ ದಾರಿ ಕಡಿದರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಕೆಟ್ಟ ಚಿಗುರನ್ನು ಚಿವುಟಿ ಚೀಲಕ್ಕೆ ಹಾಕುವುದು, ಪೈಪಿನಲ್ಲಿ ರಭಸವಾಗಿ ನೀರು ಹಾಯಿಸುವುದು, ಸೋಪಿನ ನೀರು, ಅದಕ್ಕೂ ಬಗ್ಗದಿದ್ದರೆ ಬೇವಿನೆಣ್ಣೆ. ಬಾಟಲಿಯ ವಿಷ ಕೊನೆಗೆ, ಅದೂ ತಿನ್ನುವ ಗಿಡಕ್ಕಲ್ಲ. ಕೆಲಸ ಮುಗಿಸಿ ಮನೆಗೆ ಹೋದರೆ ಹೆಂಡತಿ ಕೋಮಲ ಒಳಗೆ ಬಿಡುವುದಿಲ್ಲ. ಬಟ್ಟೆಗೆ ಹೊರಗೇ ಬೇರೆ ಬಕೆಟ್ಟು, ಸ್ನಾನ ಆಗದೆ ಮಕ್ಕಳನ್ನು ಮುಟ್ಟುವಂತಿಲ್ಲ.

ಕಷ್ಟ ಹುಳುವಿನದಲ್ಲ, ಮನೆಯವರದು. ಸೋಪಿನ ನೀರು ಕಂಡರೆ ಮುಖ ಸಿಂಡರಿಸುತ್ತಾರೆ. "ಗಮ್ಮಂತ ವಾಸ್ನೆ ಬರ್ಬೇಕು ಸಾ ಅವ್ರಿಗೆ. ವಾಸ್ನೆ ಬಂದ್ರೇನೇ ಕೆಲ್ಸ ಆಯ್ತು ಅಂತ ನಂಬ್ತಾರೆ. ಇಲ್ದಿದ್ರೆ ಮುಂದಿನ್ ಸಲ ಬ್ಯಾರೇವ್ರನ್ನ ಕರೀತಾರೆ."

ಇಷ್ಟು ತಿಳಿದವರು ಎಡವಿದ್ದು ಇಲ್ಲಿಯೇ, ಇದೇ ಬೀದಿಯಲ್ಲಿ, ಹೋದ ತಿಂಗಳು.

ಸುಚೇತಾ ಅವರ ಮನೆಯ ಕರಿಬೇವಿಗೆ ಸಸ್ಯಹೇನು ಹತ್ತಿ ಚಿಗುರೆಲ್ಲ ಸುರುಟಿತ್ತು. ಚಿಗುರು ಕತ್ತರಿಸಿ ಸೋಪಿನ ನೀರು ಹಾಕೋಣ, ಮುಂದಿನ ವಾರ ಮತ್ತೆ ನೋಡೋಣ ಎಂದರು ನಂಜೇಶ್. ಭಾನುವಾರ ಮೊಮ್ಮಗುವಿನ ನಾಮಕರಣ, ಬಂದವರ ಮೇಲೆ ಹುಳ ಉದುರಿದರೆ ಹೇಗೆ ಎಂದರು ಸುಚೇತಾ. ಅಂಗಡಿಯಿಂದ ತಾವೇ ತಂದಿಟ್ಟಿದ್ದ ಬಾಟಲಿ ಕೊಟ್ಟರು. ಅದರ ಮೇಲೆ ಹಳದಿ ಗುರುತಿತ್ತು, ಎಂದರೆ ಕಡು ವಿಷ. ಯಾವ ಯಾವ ಬೆಳೆಗೆ ಎಂದು ಬರೆದಿದ್ದ ಕಡೆ ಕರಿಬೇವಿನ ಹೆಸರಿರಲಿಲ್ಲ.

"ನೋಡ್ದೆ ಸಾ. ನೋಡೂ ಒಡುದ್ಬುಟ್ಟೆ," ಎನ್ನುತ್ತಾರೆ ನಂಜೇಶ್. ಆ ಮಾತನ್ನು ನೆಲ ನೋಡಿಕೊಂಡೇ ಹೇಳುತ್ತಾರೆ. "ಎರಡು ವಾರ ಎಲೆ ಕೀಳ್ಬ್ಯಾಡಿ ಅಂತ ಮನೆಯವ್ರಿಗೆ ಏಳ್ದೆ. ಬೀದಿಗೆ ಏಳ್ನಿಲ್ಲ."

ಆ ಕರಿಬೇವಿನ ಆಚೆ ಕೊಂಬೆಯಿಂದ ದಿನಾ ಎರಡು ಎಸಳು ಕೀಳುತ್ತಿದ್ದವರು ಎದುರು ಸಾಲಿನ ಜಲಜಮ್ಮ. ಅರ್ಚಕರ ಮನೆತನದವರು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ಬರಿಹೊಟ್ಟೆಯಲ್ಲಿ ಹಸಿ ಎಲೆ ಅಗಿಯುವ ಅಭ್ಯಾಸ. ಮಾರನೆಯ ಬೆಳಗ್ಗೆಯೂ ಕಿತ್ತರು, ಸೆರಗಿನಲ್ಲಿ ಒರೆಸಿ ಅಗಿದರು. ಸ್ವಲ್ಪ ಹೊತ್ತಿಗೆ ವಾಂತಿ, ಮೈಯೆಲ್ಲ ಬೆವರು, ಬಾಯಲ್ಲಿ ನಿಲ್ಲದ ಜೊಲ್ಲು, ಕಣ್ಣು ಮಂಜು. ಮಗ ಆಸ್ಪತ್ರೆಗೆ ಸೇರಿಸಿದರು. ಏನು ತಿಂದಿರಿ ಎಂದು ಡಾಕ್ಟರು ಎಷ್ಟು ಕೇಳಿದರೂ ರಾತ್ರಿಯ ಉಪ್ಪಿಟ್ಟಿನ ಹೊರತು ಇನ್ನೊಂದು ಹೆಸರು ಅವರ ಬಾಯಿಂದ ಬರಲಿಲ್ಲ. ಇನ್ನೊಬ್ಬರ ಗಿಡದ ಎಲೆ ಕಿತ್ತು ತಿನ್ನುತ್ತೇನೆಂದು ಮಗನ ಮುಂದೆ, ಸೊಸೆಯ ಮುಂದೆ ಹೇಗೆ ಹೇಳುವುದು?

ಸುಚೇತಾ ಅವರಿಗೆ ಎಲ್ಲವೂ ಗೊತ್ತಿತ್ತು. "ಅಡುಗೆಮನೆ ಕಿಟಕಿಯಿಂದ ದಿನಾ ನೋಡ್ತಿದ್ದೆ," ಎಂದು ಅವರೇ ಒಪ್ಪಿಕೊಳ್ಳುತ್ತಾರೆ. "ಔಷಧಿ ಹೊಡೆಸಿದ್ದೀವಿ, ಕೀಳಬೇಡಿ ಅಂತ ಹೇಳೋಣ ಅಂದ್ಕೊಂಡೆ. ಹೇಳಿದ್ರೆ, ನೀವು ಕೀಳೋದು ನಂಗೆ ಗೊತ್ತು ಅಂತ ಮುಖಕ್ಕೇ ಅಂದ ಹಾಗಾಗುತ್ತಲ್ಲ. ವಯಸ್ಸಾದೋರು, ನೊಂದ್ಕೋತಾರೆ ಅಂತ ಸುಮ್ಮನಾದೆ. ಬರೀರಿ, ನನ್ನ ಹೆಸರು ಹಾಕೇ ಬರೀರಿ."

ಮರ್ಯಾದೆಗೆಂದು ನುಂಗಿದ ಒಂದು ಮಾತು ಒಬ್ಬರ ಜೀವದ ತನಕ ಬಂದಿತ್ತು.

ಅಂದು ಮಧ್ಯಾಹ್ನ ಹೇನು ಸತ್ತಿದೆಯೇ ಎಂದು ನೋಡಲು ಬಂದ ನಂಜೇಶ್ ಕಿವಿಗೆ ಜಲಜಮ್ಮನ ಸುದ್ದಿ ಬಿತ್ತು. ತಲೆ ಎತ್ತಿದರೆ ಆಚೆ ಕೊಂಬೆಯಲ್ಲಿ ಎರಡು ಎಸಳು ಮುರಿದ ಹಸಿ ಗುರುತು. ಸುಚೇತಾ ಅವರಲ್ಲಿ ಬಾಟಲಿ ಕೇಳಿದರು. ಅವರು ಕೊಟ್ಟರು, ನಮ್ಮ ಮನೆ ಹೆಸರು ಎತ್ತಬೇಡಿ ಎಂದೂ ಕೈಮುಗಿದರು. ನಂಜೇಶ್ ಬಾಟಲಿಯನ್ನು ಕವರಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದರು. "ನಾನೇ ಒಡೆದಿದ್ದು ಸಾ, ಇದೇ ಔಸ್ದಿ" ಎಂದು ಡಾಕ್ಟರ ಮುಂದೆ ಇಟ್ಟರು. ಡಾಕ್ಟರು ಲೇಬಲ್ ಓದಿ, ಅದಕ್ಕೆ ತಕ್ಕ ಚಿಕಿತ್ಸೆ ಶುರು ಮಾಡಿದರು. ತಂದದ್ದು ಒಳ್ಳೆಯದಾಯಿತು ಎಂದು ಬೆನ್ನು ತಟ್ಟಿದರಂತೆ. ಆ ತಟ್ಟಿದ್ದೇ ಇಂದಿಗೂ ಉರಿಯುತ್ತದೆ ಎನ್ನುತ್ತಾರೆ ನಂಜೇಶ್.

ಜಲಜಮ್ಮ ಉಳಿದರು. ಆದರೆ ಬೀದಿಯ ಬಾಯಿ ಬಿಡಲಿಲ್ಲ. ಕದ್ದು ತಿಂದರೆ ಹೀಗೇ ಆಗೋದು ಎಂದು ಯಾರೋ ನಕ್ಕಿದ್ದು ಅವರ ಕಿವಿಗೂ ಬಿತ್ತು. ಮನೆಗೆ ಬಂದ ಮೇಲೆ ಅವರು ಹೊಸ್ತಿಲು ದಾಟಲಿಲ್ಲ. ಹೂವು ಕೀಳುವುದೂ, ದೇವಸ್ಥಾನಕ್ಕೆ ಮಾಲೆ ಕಟ್ಟಿ ಕಳಿಸುವುದೂ ನಿಂತಿತು. "ಇಸ ಆಕಿದ್ದು ನಾನು. ಕಳ್ಳಿ ಅನ್ನುಸ್ಕೊಂಡಿದ್ದು ಅವ್ರು," ಎನ್ನುತ್ತಾರೆ ನಂಜೇಶ್. "ಕ್ಷಮೆ ಕೇಳಾನ ಅಂತ ಗೇಟ್ ತಾವ್ಕೆ ಓದೆ. ಒಳಗಡೆಯಿಂದ್ಲೇ, ಆಯ್ತು ಓಗಪ್ಪ ಅಂದ್ರು. ಮುಖ ತೋರುಸ್ನಿಲ್ಲ."

ಅಂದಿನಿಂದ ತಿನ್ನುವ ಗಿಡಕ್ಕೆ ಬಾಟಲಿ ಮುಟ್ಟುವುದಿಲ್ಲ. ದಾಸವಾಳದಂಥ ಗಿಡಕ್ಕೆ ಬೇರೆ ದಾರಿಯೇ ಇಲ್ಲದೆ ಹೊಡೆದರೆ ಮುಟ್ಟಬೇಡಿ ಎಂಬ ಗುರುತಿಗೆ ಆಚೆ ಕೊಂಬೆಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಮನೆಯವರು ಅದನ್ನು ರಾತ್ರಿಯೇ ಬಿಚ್ಚಿ ಒಳಗಿಡುತ್ತಾರೆ. ಮಾಟ ಮಾಡಿಸಿದ ಮನೆಯಂತೆ ಕಾಣುತ್ತದಂತೆ, ನೋಡಿದವರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ. ಬಟ್ಟೆ ನಿಲ್ಲದ ಕಡೆ ನಂಜೇಶ್ ತಾವೇ ಬಂದು ಕೂರುತ್ತಾರೆ.

ಬೆಳಕು ಹರಿಯುತ್ತಿದೆ. ಎದುರು ಸಾಲಿನಲ್ಲಿ ಚಿಲಕ ತೆಗೆದ ಸದ್ದು. ಜಲಜಮ್ಮ ಮೆಟ್ಟಿಲಿಳಿದು ಬೀದಿಗೆ ಬರುತ್ತಿದ್ದಾರೆ. ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು. ನಂಜೇಶ್ ತಟ್ಟನೆ ಎದ್ದು ತಲೆಯ ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿಯುತ್ತಾರೆ.

"ಏನೋ, ದಿನಾ ಬಂದು ಕೂತಿರ್ತೀಯಂತೆ? ಚಳಿಯಾಗಲ್ವೇನೋ?"

ನಂಜೇಶ್ ಮಫ್ಲರನ್ನು ಮಡಚುತ್ತಾರೆ, ಮತ್ತೆ ಬಿಚ್ಚುತ್ತಾರೆ.

"ಬಾಯಿ ಬಿಡೋ. ಇವತ್ತು ಯಾವ ಮನೆ ಕರಿಬೇವು ತಿನ್ನಬಹುದು?"

"ಮೂಲೆ ಮನೇದು ಅಮ್ಮಾವ್ರೆ," ದನಿ ಸಣ್ಣಗಾಗಿದೆ. "ಅದುಕ್ಕೆ ಬರೀ ಸೋಪಿನ ನೀರು ಆಕಿರೋದು. ಚೆಂದಾಗಿ ತೊಳ್ಕೊಂಡು ತಿನ್ನಿ."

"ಸೋಪಿನ ನೀರಿಗೂ ಕಾಸು ಇಸ್ಕೋತೀಯಾ! ಮೊದಲೇ ಗೊತ್ತಿದ್ರೆ ನಾನೇ ಹಿಡೀತಿದ್ದೆ ಈ ಕಸುಬು."

ಮೂಲೆ ಮನೆಯ ಕೊಂಬೆಯೂ ರಸ್ತೆಗೆ ಬಾಗಿದೆ. ಜಲಜಮ್ಮ ಅದನ್ನು ಮುಟ್ಟುವುದಿಲ್ಲ. ಗೇಟಿನ ಹತ್ತಿರ ನಿಂತು, ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಾರೆ. "ಯಾರಮ್ಮಾ ಒಳಗೆ? ಒಂದೆರಡು ಎಸಳು ಕರಿಬೇವು ಕಿತ್ಕೋತೀನಿ!" ಒಳಗಿನಿಂದ ಯಾರೋ ಕಿತ್ಕೊಳ್ಳಿ ಎನ್ನುತ್ತಾರೆ. ಅಕ್ಕಪಕ್ಕದ ಎರಡು ಕಿಟಕಿಗಳು ತೆರೆದುಕೊಳ್ಳುತ್ತವೆ.

ನಂಜೇಶ್ ಆ ಕಡೆ ನೋಡುತ್ತಿಲ್ಲ. ಗಾಡಿ ಸ್ಟ್ಯಾಂಡ್ ತೆಗೆಯುವ ನೆಪದಲ್ಲಿ ಬಗ್ಗಿ ಕಣ್ಣೊರೆಸಿಕೊಳ್ಳುತ್ತಾರೆ.

"ಒಂದ್ ಸಲ ಬೈದ್ಬುಡ್ಲಿ ಅಂತ ಕಾಯ್ತಿದ್ದೆ ಸಾ. ಬೈದಿದ್ರೆ ಮನೆಗೋಗಿ ಒಟ್ಟೆ ತುಂಬ ಉಣ್ತಿದ್ದೆ. ಈಗ ನೋಡಿ, ನನ್ ಮಾತು ನಂಬ್ಕೊಂಡು ತಿಂತಾವ್ರೆ."