ಗುರುತಿಲ್ಲದ ಅಂಗಿ

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಹೆಂಗಸನ್ನು ಇಡೀ ಬೀದಿ ಇಸ್ತ್ರಿಯಕ್ಕ ಎಂದೇ ಕರೆಯುತ್ತಿತ್ತು. ನಲವತ್ತು ಮನೆಗಳ ಬಟ್ಟೆ ಅವಳ ಕೈಯಲ್ಲಿ ಹಾದುಹೋಗುತ್ತಿದ್ದರೂ ಇಪ್ಪತ್ತೆರಡು ವರ್ಷದಲ್ಲಿ ಒಂದು ಕರವಸ್ತ್ರ ಕೂಡ ಅದಲುಬದಲಾಗಿರಲಿಲ್ಲ. ಗುಟ್ಟು ಇಷ್ಟೇ: ಕಾಲರಿನ ಒಳಗೋ ಅಂಚಿನಲ್ಲೋ ಮನೆಗೊಂದು ದಾರದ ಗುರುತು. ಡಾಕ್ಟರ ಮನೆಗೆ ನೀಲಿಯದು ಎರಡು ಹೊಲಿಗೆ, ಮೇಷ್ಟ್ರ ಮನೆಗೆ ಹಸಿರಿನದು ಮೂರು. ಸ್ವಂತ ಮನೆಯ ಬಟ್ಟೆಗೆ ಮಾತ್ರ ಏನೂ ಇಲ್ಲ. ನಮ್ಮದು ನಮಗೆ ಗೊತ್ತಾಗದೇ ಇರುತ್ತದೆಯೇ ಎನ್ನುವುದು ಅವಳ ವಾದ.

ಗಂಡ ತೀರಿಕೊಂಡ ಮೇಲೆ ಹಿಂದಿನ ಕೋಣೆ ಖಾಲಿ ಬಿದ್ದಿತ್ತು. "ಒಬ್ಬಳೇ ಗೋಡೆ ಜೊತೆ ಎಷ್ಟು ದಿನ ಮಾತಾಡ್ತೀಯೇ ಅಕ್ಕ?" ಎಂದು ಪಕ್ಕದ ಬೀದಿಯ ತಂಗಿ ತಲೆ ತಿಂದು ತಿಂದು, ಕೊನೆಗೆ ತಾನೇ ಒಬ್ಬ ಬಾಡಿಗೆದಾರನನ್ನು ಹುಡುಕಿ ತಂದಳು. ಸರ್ವೆ ಕಚೇರಿಯ ಹಂಗಾಮಿ ಗುಮಾಸ್ತ. ಬಾಯಿ ಬಿಟ್ಟರೆ ಮುತ್ತು ಉದುರೀತೇನೋ ಎಂಬಂಥ ಆಸಾಮಿ. ಕೋಣೆ, ಊಟ, ಒಗೆತ ಎಲ್ಲ ಸೇರಿ ಮಾತಾಯಿತು. ಮೊದಲ ದಿನವೇ ಅವನ ಅಂಗಿಗಳಿಗೆ ಕೆಂಪು ದಾರದ ಒಂದು ಹೊಲಿಗೆ ಬಿತ್ತು.

ಎಂಟು ತಿಂಗಳಾಯಿತು. ಅವನು ಬರುವುದು ಐದು ನಿಮಿಷ ತಡವಾದರೆ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅವನಿಗೆ ಜ್ವರ ಬಂದಾಗ ಎರಡು ದಿನ ಇಸ್ತ್ರಿಪೆಟ್ಟಿಗೆಯನ್ನೇ ಮುಟ್ಟಲಿಲ್ಲ. ಮಕ್ಕಳಿಲ್ಲದವಳು, ಅವನನ್ನು ಹಚ್ಚಿಕೊಂಡುಬಿಟ್ಟಿದ್ದಳು. ಅದರಲ್ಲಿ ಮುಚ್ಚುಮರೆ ಏನಿದೆ?

ಅಷ್ಟರಲ್ಲಿ ಕೆಲಸ ಕಾಯಂ ಮಾಡುವ ಸಂದರ್ಶನ ಬಂತು. ಕಾಯಂ ಆದರೆ ಇದೇ ಊರು, ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಅದಕ್ಕೆಂದೇ ಹೊಸ ಬಿಳಿ ಅಂಗಿ ತಂದು ಅವಳ ಕೈಗಿತ್ತ. ಅವಳು ಒಗೆದು, ಗಂಜಿ ಹಾಕಿ, ಗೆರೆ ಬರುವಂತೆ ಇಸ್ತ್ರಿ ಮಾಡಿದಳು. ಕೆಂಪು ದಾರ ಪೋಣಿಸಿದ ಸೂಜಿ ಕೈಗೆತ್ತಿಕೊಂಡವಳು, ಇವನೇನು ಹೊರಗಿನವನೇ ಎಂದುಕೊಂಡು ಕೆಳಗಿಟ್ಟಳು.

ಮುನ್ನಾದಿನ ಸಂಜೆ, ಎಂದಿನಂತೆ ಮನೆಮನೆಗೆ ಬಟ್ಟೆ ಕೊಂಡೊಯ್ಯಲು ಬಂದ ತಂಗಿ ಆ ಅಂಗಿ ನೋಡಿದಳು. ಬಾಡಿಗೆದಾರನದಾದರೆ ಕೆಂಪು ಇರಬೇಕಿತ್ತಲ್ಲ. ಇಂಥ ಬಿಳಿ ಅಂಗಿ ತೊಡುವವರು ಡಾಕ್ಟರೇ, ದಾರ ಕಿತ್ತುಹೋಗಿದೆ ಎಂದು ಅವರ ಗಂಟಿಗೆ ಸೇರಿಸಿದಳು. ಬೆಳಿಗ್ಗೆ ಹುಡುಕುವ ಹೊತ್ತಿಗೆ ಡಾಕ್ಟರು ಅದನ್ನೇ ತೊಟ್ಟು ರೈಲು ಹತ್ತಿಯಾಗಿತ್ತು.

ಅವನು ಕಾಲರು ಸವೆದ ಹಳೆಯ ಅಂಗಿಯಲ್ಲೇ ಹೋದ. ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ತಂಗಿಗೆ ಮನಸಾರೆ ಬೈದಳು, ಮೇಷ್ಟ್ರ ಪ್ಯಾಂಟೊಂದನ್ನು ಸುಟ್ಟೂಬಿಟ್ಟಳು.

ಸಂಜೆ ಬಂದವನ ಮುಖ ಅರಳಿತ್ತು. "ಆಯ್ತಕ್ಕ, ಅಲ್ಲೇ ಹೇಳಿಬಿಟ್ರು. ಇನ್ನು ಇಲ್ಲೇ ಇರ್ತೀನಿ."

ಅವಳಿಗೆ ಹೋದ ಜೀವ ಬಂದಂತಾಯಿತು. ನೀರು ತಂದುಕೊಟ್ಟಳು. ಕುಡಿದು ಲೋಟ ಕೆಳಗಿಡುತ್ತ, ಸಿಟ್ಟೇನೂ ಇಲ್ಲದೆ, ಅವನು ಕೇಳಿದ: "ಅಂಗಿಗೆ ಗುರುತು ಹಾಕೋದು ಮರೆತ್ರಾ?"

ಬೈಸಿಕೊಂಡು ಸಾಕಾಗಿದ್ದ ತಂಗಿ ನಡುವೆ ಬಾಯಿ ಹಾಕಿದಳು. "ಅಕ್ಕ ಮರೆಯೋದುಂಟಾ? ಮನೆಯವರ ಬಟ್ಟೆಗೆ ಅವಳು ಗುರುತು ಹಾಕಲ್ಲ."

ಅವನು ಹಳೆಯ ಅಂಗಿಯ ಕಾಲರು ಸರಿಮಾಡಿಕೊಂಡ. "ಅದು ನಿಮ್ಮ ದೊಡ್ಡತನ. ಆದ್ರೆ ಇನ್ಮೇಲೆ ನನ್ನ ಬಟ್ಟೆಗೆ ತಪ್ಪದೆ ಹಾಕ್ಬಿಡಿ. ಸುಮ್ನೆ ಗೊಂದಲ ಯಾಕೆ?"

"ಆಗಲಿ," ಎಂದಳು.

ಮದುವೆಯಾಗಿ ಬೇರೆ ಮನೆ ಮಾಡುವವರೆಗೂ, ಇನ್ನೂ ನಾಲ್ಕು ವರ್ಷ, ಅವನು ಅದೇ ಕೋಣೆಯಲ್ಲಿದ್ದ. ಅವನದೊಂದು ಬಟ್ಟೆಯೂ ಕಳೆಯಲಿಲ್ಲ.