ಆರು ತಿಂಗಳು ಅಲುಗಾಡದ ದುಡ್ಡು

ವಿಜಯನಗರದ ಆ ಅಡ್ಡರಸ್ತೆಯಲ್ಲಿ ಯಾರಿಗೆ ಕೈ ಬರಿದಾದರೂ ಮೊದಲು ನೆನಪಾಗುತ್ತಿದ್ದುದು ಅಂಬುಜಾ. ಬ್ಯಾಂಕು ಆಮೇಲೆ. ಹಾಗಂತ ಅವಳೇನೂ ಸಾಹುಕಾರರ ಮನೆಯವಳಲ್ಲ. ಸೀರೆಗಳಿಗೆ ಕುಚ್ಚು ಕಟ್ಟುವವಳು. ಮೂವತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು, ಅವನ ಕಾರ್ಖಾನೆಯವರು ಕೊಟ್ಟ ಹಣವನ್ನು ತನಗೆಂದು ಮುಟ್ಟದೆ, ಕುಚ್ಚಿನ ಸಂಪಾದನೆಯಲ್ಲೇ ಬದುಕಿದವಳು. ತನ್ನ ಖರ್ಚಿಗೆ ಭಾರೀ ಬಿಗಿ. ಆದರೆ ಯಾರಾದರೂ ಬಾಗಿಲಲ್ಲಿ ನಿಂತು "ಅಂಬುಜಕ್ಕಾ, ಒಂದ್ ನಾಲ್ಕು ದಿನಕ್ಕೆ..." ಎಂದು ರಾಗ ಎಳೆದರೆ ಮುಗಿಯಿತು. ಬಡ್ಡಿಯಿಲ್ಲ, ಪತ್ರವಿಲ್ಲ. ವಾಪಸ್ ಕೊಡುವಾಗ ಜೊತೆಗೊಂದು ಮೊಳ ಮಲ್ಲಿಗೆಯೋ ನಾಲ್ಕು ಸೀಬೆಹಣ್ಣೋ ಬರುತ್ತಿತ್ತು, ಅಷ್ಟೆ. "ನನ್ನನ್ನೇನು ಎಟಿಎಂ ಅಂದ್ಕೊಂಡಿದಾರಾ?" ಎಂದು ಗೋಡೆಯ ಜೊತೆ ಜಗಳವಾಡುತ್ತಲೇ ಅವಳು ಬೀರು ತೆಗೆಯುತ್ತಿದ್ದಳು.

ಇಂಥ ಅಂಬುಜಾ ಐವತ್ತೊಂದನೇ ವಯಸ್ಸಿನಲ್ಲಿ ಮತ್ತೆ ಮದುವೆಯಾದಳು. ವರ ಮುರಳೀಕೃಷ್ಣ, ಐವತ್ತೇಳು ವರ್ಷ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಬಸ್ ಓಡಿಸುವವರು, ಅಲ್ಲಿಯದೇ ಪಾಸ್‌ಪೋರ್ಟಿನವರು, ಮೊದಲ ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಸಂಬಂಧ ಕೂಡಿಸಿದವಳು ಕೆಳಗಿನ ಮನೆಯ ರಾಗಿಣಿ. ಮುರಳೀಕೃಷ್ಣ ಅವಳ ದೊಡ್ಡಮ್ಮನ ಮಗ. ರಿಜಿಸ್ಟರ್ ಮದುವೆ ಆಗಿ ಮೂರು ವಾರ ಮಾತ್ರ ಇಬ್ಬರೂ ಒಟ್ಟಿಗಿದ್ದರು. ಆ ಮೂರು ವಾರವೂ ಬೆಳಿಗ್ಗೆ ಅವರೇ ಎದ್ದು ಕಾಫಿ ಸೋಸಿ ಅವಳ ಕೈಗೆ ಲೋಟ ಕೊಟ್ಟರು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವಳಿಗೆ ಹಾಗೆ ಕಾಫಿ ಮಾಡಿಕೊಟ್ಟಿರಲಿಲ್ಲ. ಅವರು ವಿಮಾನ ಹತ್ತಿದ ಮೇಲೆ ಅವಳಿಗೆ ಅವರ ಜೊತೆ ಇರಬೇಕೆಂಬ ಆಸೆ ಎಷ್ಟು ಹುಟ್ಟಿತೆಂದರೆ, ಆ ವಯಸ್ಸಿಗೆ ಇದೇನಿದು ಎಂದು ಅವಳಿಗೇ ನಾಚಿಕೆಯಾಯಿತು.

ಹೋಗಬೇಕೆಂದರೆ ವೀಸಾ ಬೇಕು. ಹೆಂಡತಿಯನ್ನು ಕರೆಸಿಕೊಳ್ಳಲು ಗಂಡನಿಗೆ ಇಷ್ಟು ಸಂಬಳ ಇರಲೇಬೇಕೆಂದು ಆ ದೇಶದ ಕಾನೂನು. ಮುರಳೀಕೃಷ್ಣರ ಸಂಬಳ ಅದಕ್ಕೆ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಕಡಿಮೆ ಬಿದ್ದದ್ದಕ್ಕೆ ಉಳಿತಾಯ ತೋರಿಸಬಹುದು, ಹೆಂಡತಿಯದೂ ನಡೆಯುತ್ತದೆ ಎಂದು ವಿವರಿಸಿದವನು ಬಸವೇಶ್ವರನಗರದಲ್ಲಿ ವೀಸಾ ಕಾಗದಗಳನ್ನು ಮಾಡಿಸಿಕೊಡುವ ಆತ್ರೇಯ.

"ಆಂಟಿ, ದುಡ್ಡು ಇದ್ರೆ ಸಾಲ್ದು. ನಿಮ್ಮ ಹೆಸರಲ್ಲಿ ಆರು ತಿಂಗಳು ಅಲುಗಾಡದೆ ಇರ್ಬೇಕು," ಎಂದು ಅವನು ಎರಡೆರಡು ಸಲ ಹೇಳಿದ.

ದುಡ್ಡು ಇತ್ತು. ಆದರೆ ಬ್ಯಾಂಕಿನಲ್ಲಿ ಅರ್ಧವೂ ಇರಲಿಲ್ಲ. ಒಂದಿಷ್ಟು ದಿನಸಿ ಅಂಗಡಿಯ ವೆಂಕಟರಮಣಪ್ಪನವರ ಹೊಸ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು, ಒಂದಿಷ್ಟು ಯಾರದೋ ಮಗನ ಉಪನಯನದಲ್ಲಿ ಊಟವಾಗಿ ಹೋಗಿತ್ತು. ಹುಟ್ಟಿದಾರಭ್ಯ ಕೇಳಿ ವಸೂಲು ಮಾಡದವಳು ಮನೆ ಮನೆಗೆ ಹೋಗಿ, ಕಾಫಿ ಕುಡಿದು, ಅದು ಇದು ಮಾತಾಡಿ, ಎದ್ದು ಬರುವಾಗ ಬಾಗಿಲಲ್ಲಿ ವಿಷಯ ಹೇಳಿದಳು. ಯಾರೂ ಮುಖ ಸಿಂಡರಿಸಲಿಲ್ಲ. ಎಲ್ಲ ಸೇರಿ ಖಾತೆ ತುಂಬಿತು, ಬೇಕಾದಷ್ಟಕ್ಕೆ ಸರಿಯಾಗಿ.

ಐದನೇ ತಿಂಗಳಲ್ಲಿ ಒಂದು ಶುಕ್ರವಾರ ಸಂಜೆ ರಾಗಿಣಿ ಮೇಲೆ ಬಂದಳು. ಮಗಳು ಸಿಂಚನಾಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಸಾಲ ಮಂಜೂರಾಗಿದ್ದರೂ ಹಣ ಬರುವುದು ಮುಂದಿನ ವಾರ. ಫೀಸು ಕಟ್ಟಲು ಮಾರನೆಯ ದಿನವೇ ಕೊನೆ.

"ಬಾಯಿ ಬಿಟ್ಟು ಕೇಳೋಕೇ ಆಗ್ತಿಲ್ಲ ಅಂಬುಜಕ್ಕ. ಎರಡು ಲಕ್ಷ, ನಾಲ್ಕೇ ದಿನ."

"ಇವತ್ತು ಶುಕ್ರವಾರ ಕಣೇ, ದೀಪ ಹಚ್ಚಾಯ್ತು," ಎಂದಳು ಅಂಬುಜಾ. ಶುಕ್ರವಾರ ದೀಪ ಹಚ್ಚಿದ ಮೇಲೆ ಲಕ್ಷ್ಮಿಯನ್ನು ಮನೆಯಿಂದ ಆಚೆ ಕಳಿಸುವುದಿಲ್ಲ. ರಾಗಿಣಿಯೂ ಅದೇ ಪದ್ಧತಿಯವಳು, ತಲೆಯಾಡಿಸಿ ಇಳಿದು ಹೋದಳು.

ಯೋಚಿಸಲಿ ಎಂದು ಲಕ್ಷ್ಮಿಯೇ ಒಂದು ರಾತ್ರಿ ಕೊಟ್ಟಂತಾಗಿತ್ತು. ಅಂಬುಜಾ ಆ ರಾತ್ರಿಯನ್ನೆಲ್ಲ ಸಿಂಚನಾ ಊಟ ಮಾಡಿದಳೋ ಇಲ್ಲವೋ ಎಂದು ಯೋಚಿಸಿ ಕಳೆದಳು. ಆತ್ರೇಯನ ಮಾತು ನೆನಪಾಗಲಿಲ್ಲವೆಂದಲ್ಲ. ಆದರೆ ನಾಲ್ಕು ದಿನಕ್ಕೆ ಹೋಗಿ ಬಂದ ದುಡ್ಡು ಹೋದದ್ದೇ ಅಲ್ಲ ಎಂಬುದು ಆ ರಸ್ತೆಯ ಕಾನೂನು, ಅವಳಿಗೆ ಗೊತ್ತಿದ್ದುದೂ ಅದೊಂದೇ. ಶನಿವಾರ ಬೆಳಿಗ್ಗೆ ಬ್ಯಾಂಕು ತೆರೆಯುವ ಹೊತ್ತಿಗೆ ಇಬ್ಬರೂ ಬಾಗಿಲಲ್ಲಿದ್ದರು. ಹೇಳಿದ ಹಾಗೆ ನಾಲ್ಕೇ ದಿನಕ್ಕೆ ಹಣ ವಾಪಸ್ ಬಂತು.

ಆರು ತಿಂಗಳು ತುಂಬಿದ ಮೇಲೆ ಆತ್ರೇಯ ಬ್ಯಾಂಕಿನ ಹಾಳೆಗಳನ್ನು ನೋಡುತ್ತಾ ಒಂದು ಕಡೆ ಬೆರಳಿಟ್ಟು ನಿಂತ. "ಇದೇನಾಂಟಿ?"

"ಅದಾ? ರಾಗಿಣಿ ಮಗಳ ಫೀಸಿಗೆ. ವಾಪಸ್ ಬಂತಲ್ಲಪ್ಪ, ಕೆಳಗೆ ನೋಡು."

"ಬಂತು. ಆದ್ರೆ ವೀಸಾದವ್ರು ನೋಡೋದು ಈ ನಾಲ್ಕು ದಿನಾನೇ. ವಾಪಸ್ ಬಂದ ದಿನದಿಂದ ಮತ್ತೆ ಆರು ತಿಂಗಳು ಕಾಯ್ಬೇಕು ಆಂಟಿ."

ಬಸ್ಸಿನಲ್ಲಿ ಅಂಬುಜಾ ಆ ದೇಶವನ್ನು ಮನಸಾರೆ ಬೈದಳು. ಕೊಟ್ಟದ್ದಕ್ಕೆ ಲೆಕ್ಕ, ಬಂದದ್ದಕ್ಕೆ ಇಲ್ಲವೇ? ಆಮೇಲೆ ತನ್ನನ್ನು ಬೈದುಕೊಂಡಳು. ರಾಗಿಣಿಯನ್ನು ಬೈಯಲು ಮಾತ್ರ ಆಗಲಿಲ್ಲ. ಅವಳಿಗೆ ಇದು ಗೊತ್ತಾಗಲೇಬಾರದು ಎಂದುಕೊಂಡಳು. ಮನೆ ಸೇರಿ ಲೆಸ್ಟರ್‌ಗೆ ಫೋನ್ ಮಾಡಿದಳು.

ಮುರಳೀಕೃಷ್ಣ ಎಲ್ಲವನ್ನೂ ಕೇಳಿಸಿಕೊಂಡರು. "ಯಾಕೆ ಕೊಟ್ಟೆ?" ಎಂದರು.

"ಕೇಳಿದ್ಲು ರೀ."

ಇನ್ನು ಬೈಗುಳವೇ ಎಂದುಕೊಂಡಳು ಅಂಬುಜಾ.

"ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು," ಎಂದರು ಅವರು. "ಯಾರೂ ನನ್ನ ಬಾಗಿಲು ತಟ್ಟಿ ಒಂದು ಲೋಟ ಸಕ್ಕರೆ ಕೇಳಿಲ್ಲ. ನಾನೂ ಯಾರನ್ನೂ ಏನೂ ಕೇಳಿಲ್ಲ. ಕೇಳೋ ಅಭ್ಯಾಸಾನೇ ಹೋಗ್ಬಿಟ್ಟಿದೆ ಅಂಬುಜಾ. ಈಗ ನಿನ್ನ ಒಂದು ಕೇಳ್ಲಾ?"

"ಕೇಳಿ."

"ಇನ್ನು ಯಾರೇ ಬಂದ್ರೂ ಇಲ್ಲ ಅನ್ನು. ರಾಗಿಣಿ ಬಂದ್ರೂ. ನಂಗೆ ನೀನು ಬೇಕು."

ಅಂಬುಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷದಲ್ಲಿ ಎಷ್ಟೋ ಜನ ಏನೇನೋ ಕೇಳಿದ್ದರು, ಇಷ್ಟು ದೊಡ್ಡದನ್ನು ಯಾರೂ ಕೇಳಿರಲಿಲ್ಲ. ಕೇಳಿದವರಿಗೆ ಇಲ್ಲ ಎನ್ನುವುದು ಅವಳಿಗೆ ಇನ್ನೂ ಬಂದಿರಲಿಲ್ಲ.

"ಆಯ್ತು ರೀ," ಎಂದಳು.