ಬಾಣ ತೋರಿಸಿದ ಮನೆ

ತಿರುಪ್ಪೂರಿನ ಹೊರಗೆ ಹಳೆಯ ಬಾವಿಗಳ ನೀರಿನ ಮಟ್ಟ ಅಳೆಯುವ ಕೆಲಸದಲ್ಲಿದ್ದೆ. ಹಿಂದೆ ಯಾರೋ ಬಾವಿಕಟ್ಟೆಯ ಮೇಲೇ ನಿಂತು ಗುರುತಿಸಿದ್ದ ಜಾಗಗಳು ನನ್ನ ಜಿಪಿಎಸ್‌ನಲ್ಲಿದ್ದವು. ಅದರ ಬಾಣ ತೋರಿಸಿದತ್ತ ನಡೆಯುವುದು, ಬಾವಿ ಸಿಕ್ಕರೆ ಟೇಪು ಇಳಿಬಿಡುವುದು, ಅಷ್ಟೇ.

ಆ ದಿನ ಬಾಣ ಒಂದು ಬನಿಯನ್ ಕಂಪನಿಯ ಹಿಂದಿನ ಸಾಲುಮನೆಗಳಿಗೆ ಕರೆದೊಯ್ದು, ಕೊನೆಯ ಮನೆಯ ಬಾಗಿಲಿಗೆ ತಂದು ನಿಲ್ಲಿಸಿತು. ಇನ್ನೂ ಒಳಗೆ ಹೋಗು ಎನ್ನುತ್ತಿತ್ತು.

ಹೊಸ್ತಿಲಲ್ಲಿ ಕೂತಿದ್ದ ಮುದುಕಿಯನ್ನು ತಮಿಳಿನಲ್ಲಿ ವಿಚಾರಿಸಿದೆ. ಇಲ್ಲಿ ಬಾವಿಯೇ ಇಲ್ಲ ಎಂದರು. ಅಷ್ಟರಲ್ಲಿ ನಮ್ಮೂರು ಸಿಂಗಾನಲ್ಲೂರಿನಿಂದ ಅಮ್ಮನ ಫೋನ್ ಬಂತು. ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಮುದುಕಿ ಎದ್ದು ನಿಂತರು.

"ನಮ್ಮೋರಾ, ಕಣ್ಣು? ಒಳಕ್ ಬಾ," ಎಂದು ಅಕ್ಕರೆಯಿಂದ ಕೈ ಹಿಡಿದು, ದನಿ ತಗ್ಗಿಸಿದರು. "ನಾ ಮಲಗಿದ್ರೆ ಕೆಳಗಿಂದ ನೀರಿನ ಸದ್ದು ಬತ್ತದೆ. ಹೇಳಿದ್ರೆ ಯಾರೂ ನಂಬಲ್ಲ."

ಹೊಲಿಗೆ ಕೆಲಸಕ್ಕೆ ಹೊರಟಿದ್ದ ಸೊಸೆ ನಕ್ಕಳು. "ಅತ್ತೆಗೆ ವಯಸ್ಸಾಯ್ತು ಅಕ್ಕಾ. ಅದು ಪೈಪಿನ ಸದ್ದು."

ಒಳಗೆ ಜಿಪಿಎಸ್ ತಡವರಿಸಿತು. ಉಪಗ್ರಹಗಳಿಂದ ಹೊರಟ ಸಂಕೇತ ನಮ್ಮನ್ನು ಮುಟ್ಟಲು ಹಿಡಿದ ಹೊತ್ತಿನಿಂದ ಅದು ದೂರ ಲೆಕ್ಕ ಹಾಕುತ್ತದೆ. ಕಡಿಮೆಯೆಂದರೂ ನಾಲ್ಕು ಉಪಗ್ರಹಗಳ ಸಂಕೇತ ಸಿಗಬೇಕು. ತಾರಸಿಯಡಿ ಅದನ್ನು ನಂಬುವಂತಿಲ್ಲ. ಹಾಗಾಗಿ ಹೊರಗೆ ಬಯಲಲ್ಲಿ ನಿಂತು, ಗುರುತು ಸ್ಥಿರವಾಗುವವರೆಗೂ ಕಾದು, ಅಲ್ಲಿಂದ ಬಾವಿಗೆ ಅದು ತೋರಿಸಿದ ದಿಕ್ಕು, ದೂರ ನೋಡಿ ಟೇಪು ಎಳೆದೆ. ಕೆಲವು ಮೀಟರ್ ಆಚೀಚೆ ಆಗಬಹುದೆಂದು ಗೊತ್ತಿತ್ತು. ಟೇಪಿನ ತುದಿ ಮುದುಕಿಯ ಮಂಚದ ಕೆಳಗೆ ಹೋಯಿತು.

ಮಂಚ ಸರಿಸಿ ನೆಲ ಬಡಿದೆ. ಗೋಡೆಯ ಬದಿಗೆ ಗಟ್ಟಿ ಸದ್ದು. ನಡುವೆ ಬಡಿದರೆ ಟೊಳ್ಳು. ಸೊಸೆಯ ನಗು ನಿಂತಿತು. ನೆಲದ ಬಿರುಕಿನ ಮೇಲೆ ಅಂಗೈ ಇಟ್ಟೆ. ತಣ್ಣನೆಯ ಗಾಳಿ ಮೇಲೆ ಬರುತ್ತಿತ್ತು. ಆಗಲೇ ಕೆಳಗೆಲ್ಲೋ ಏನೋ ನೀರಿಗೆ ಬಿತ್ತು. ಮೂವರಿಗೂ ಕೇಳಿಸಿತು.

"ಕೇಳಿಸ್ತಾ?" ಎಂದರು ಮುದುಕಿ. ಅವರೊಬ್ಬರೇ ಹೆದರಿರಲಿಲ್ಲ.

ಗೋಡೆಗೆ ಒತ್ತಿಕೊಂಡು, ಮೆಲ್ಲಗೆ ಹೆಜ್ಜೆಯಿಡುತ್ತಾ ಹೊರಬಂದೆವು. ಫೋನ್ ಮಾಡಿ ಕರೆಸಿದ ಮನೆ ಮಾಲೀಕ ಮೊದಲು ಇಲ್ಲವೇ ಇಲ್ಲ ಎಂದ. ಆಮೇಲೆ, ಇದು ತೋಟವಾಗಿದ್ದಾಗ ಬಾವಿಯಿತ್ತು, ಮೇಲೆ ಸ್ಲ್ಯಾಬ್ ಹಾಕಿಸಿ ಮನೆ ಕಟ್ಟಿಸಿದೆ ಎಂದು ಒಪ್ಪಿದ. ಮರುದಿನ ಮೇಸ್ತ್ರಿ ನೆಲ ಒಡೆಯುವಾಗ ನಾನೂ ಹೋಗಿದ್ದೆ. ಸ್ಲ್ಯಾಬಿನ ಕಂಬಿಗಳು ತುಕ್ಕು ಹಿಡಿದು, ಅಡಿಯ ಕಾಂಕ್ರೀಟ್ ಚೂರುಚೂರಾಗಿ ನೀರಿಗೆ ಉದುರುತ್ತಿತ್ತು. ಟಾರ್ಚ್ ಬೆಳಕು ಬಿಟ್ಟಾಗ ಕೆಳಗೆ ಕಪ್ಪು ನೀರು, ಅದರಲ್ಲಿ ಅಲುಗುತ್ತಿದ್ದ ನಮ್ಮ ಮುಖಗಳು. ಮುದುಕಿ ಅದರ ಮೇಲೆ ವರ್ಷಗಟ್ಟಲೆ ಮಲಗಿದ್ದರು.

ಆ ವಾರವೇ ಅವರು ಪಕ್ಕದ ಬೀದಿಗೆ ಮನೆ ಬದಲಿಸಿದರು. ಹೊಸ ಮನೆಗೆ ಸಾಮಾನು ತರುವ ಮೊದಲು ಸೊಸೆ, ಖಾಲಿ ನೆಲದ ಮೇಲೆ ಚಾಪೆ ಹಾಸಿ ಅತ್ತೆಯನ್ನು ಮಲಗಿಸಿ, "ಕೆಳಗೆ ಏನಾದ್ರೂ ಸದ್ದು ಬರುತ್ತಾ ಅತ್ತೆ?" ಎಂದು ಕೇಳಿ, ಬಾಗಿಲಲ್ಲೇ ಕಾದು ನಿಂತಿದ್ದಳಂತೆ.